ಎಡಗೈಗೆ ಕಟ್ಟಿದ ರಿಮೋಟ್

ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ಗಂಟನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಆ ತಾಯಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಐರೋಲಿಯಿಂದ ಠಾಣೆಗೆ ಬಂದು, ಅಲ್ಲಿ ಲೋಕಲ್ ಬದಲಿಸಿ, ಡೊಂಬಿವಲಿಯಲ್ಲಿ ಇಳಿದು ನಡೆದು ಬಂದಿದ್ದರು. ಠಾಣೆಯಲ್ಲಿ ಅವರದು ಸಸ್ಯಾಹಾರಿ ಹೋಟೆಲು. ಅಲ್ಲಿನ ಗ್ರೈಂಡರ್ ಮೋಟಾರು ಸುಟ್ಟಾಗಲೆಲ್ಲ ವೈಂಡಿಂಗಿಗೆ ಬರುವುದು ನನ್ನ ಕೈಗೇ. ಯಾವಾಗಲೂ ಹೋಟೆಲಿನ ಮ್ಯಾನೇಜರು ತಂದು ಹಾಕಿ ಹೋಗುತ್ತಿದ್ದರು. ಯಜಮಾನ್ತಿ ತಾವೇ ಬಂದದ್ದು ಅದೇ ಮೊದಲು.

“ಆಟದ ಸಾಮಾನು ಅಂತ ನಗಾಡ್ಬೇಡಿ ಮಾರಾಯ್ರೆ,” ಎನ್ನುತ್ತಾ ಗಂಟು ಬಿಚ್ಚಿದರು.

ರಿಮೋಟಿನಲ್ಲಿ ಓಡುವ ಕಾರು. ಅಂಗಡಿಯಲ್ಲಿ ನೇತು ಹಾಕುವ ಜಾತಿಯದಲ್ಲ. ಕಲ್ಲು ಮಣ್ಣಿನ ಮೇಲೆ ಹಾರಿ ಓಡಲೆಂದೇ ಮಾಡಿದ್ದು. ಮೊಳದುದ್ದ, ಹಿಂದೆ ಮುಳ್ಳುಮುಳ್ಳಿನ ದಪ್ಪ ಚಕ್ರ, ನಾಲ್ಕೂ ಕಡೆ ಸ್ಪ್ರಿಂಗು. ಜೊತೆಗೆ ಎರಡು ಕಡ್ಡಿಗಳ ರಿಮೋಟು, ಉದ್ದನೆಯ ಏರಿಯಲ್. ಅವರ ತಮ್ಮ ಹಡಗಿನಲ್ಲಿ ಕೆಲಸದಲ್ಲಿದ್ದಾಗ ಜಪಾನಿನಿಂದ ತಂದುಕೊಟ್ಟದ್ದಂತೆ, ಮಗ ಹೈಸ್ಕೂಲಿನಲ್ಲಿದ್ದಾಗ.

“ಮೊಮ್ಮಗನಿಗಾ ಅಮ್ಮ?”

“ಮೊಮ್ಮಗ ಎಲ್ಲಿದ್ದಾನೆ? ಮಗನಿಗೇ.”

ಮಗನ ಸುದ್ದಿ ನನಗೆ ಗೊತ್ತಿತ್ತು. ಮಹಾಪೆಯ ಆಫೀಸಿನಲ್ಲಿ ಕೂತಲ್ಲೇ ಸ್ಟ್ರೋಕ್ ಆಗಿ ಬಿದ್ದವನು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು.

“ಅರ್ಥ ಎಲ್ಲ ಆಗ್ತದೆ ಅವನಿಗೆ. ಎಕ್ಸರ್‌ಸೈಜ್ ಮಾಡಿಸುವವ್ರು ಬಂದ್ರೆ ಗೋಡೆ ಕಡೆ ಮುಖ ಮಾಡ್ತಾನೆ. ಬಾಯಿಗೆ ಕೊಟ್ರೆ ತಿಂತಾನೆ, ಕೊಡದಿದ್ರೆ ಕೇಳುದಿಲ್ಲ. ಡಾಕ್ಟ್ರು ಹೇಳಿದ್ರು, ನಿಮ್ಮ ಮಗನಿಗೆ ಏನಾದ್ರೂ ಒಂದು ಬೇಕು ಅಂತ ಅನ್ನಿಸ್ಬೇಕು, ಹಾಗಾದ್ರೆ ಮಾತ್ರ ಮುಂದೆ ಹೋಗುದು ಅಂತ. ಮೊನ್ನೆ ಲಾಫ್ಟಿನಲ್ಲಿ ಇದು ಸಿಕ್ಕಿತು, ತೋರಿಸಿದೆ. ಕಣ್ಣು ಬಿಟ್ಟು ನೋಡಿದ. ಆಸ್ಪತ್ರೆಯಿಂದ ಬಂದ ಮೇಲೆ ಅವ ನೆಟ್ಟಗೆ ಏನನ್ನಾದ್ರೂ ನೋಡಿದ್ದುಂಟಾದ್ರೆ ಇದನ್ನೇ. ಇದು ಓಡ್ಬೇಕು. ನೀವು ಆಗುದಿಲ್ಲ ಅಂತ ಹೇಳ್ಬೇಡಿ.”

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಮೋಟಾರು ಯಾವುದೇ ಇರಲಿ, ಬಿಚ್ಚಿ ಕಟ್ಟುತ್ತೇನೆ. ರೇಡಿಯೋ ಕೆಲಸ ನನ್ನದಲ್ಲ. ಆದರೆ ಆಗುವುದಿಲ್ಲ ಎಂದು ಹೇಳಿ ಸಾಮಾನು ವಾಪಸು ಕಳಿಸಿದ ಅಂಗಡಿಯೂ ನನ್ನದಲ್ಲ. ಗಂಟು ಇಟ್ಟು ಹೋಗಿ ಎಂದೆ.

ಬಿಚ್ಚಿದ ಮೇಲೆ ಅದರ ಸ್ಥಿತಿ ತಿಳಿಯಿತು. ಗೇರ್ ಪೆಟ್ಟಿಗೆಯಲ್ಲಿ ಗ್ರೀಸು ಹಳೆ ಬೆಲ್ಲದ ಹಾಗೆ ಗಟ್ಟಿಯಾಗಿ ಹಲ್ಲುಗಳನ್ನು ಹಿಡಿದುಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಹಲ್ಲು ಬಿಡಿಸಿದೆ. ಟೈರುಗಳ ರಬ್ಬರು ಬಿರುಕು ಬಿಟ್ಟು, ಬಗ್ಗಿಸಿದರೆ ಪುಡಿ ಉದುರುತ್ತಿತ್ತು. ಇಂಥ ಗಾಡಿಯ ಸ್ಪೇರ್ ಇಲ್ಲಿ ಯಾರ ಬಳಿಯೂ ಇಲ್ಲ. ಸ್ಕೂಟರಿನ ಟ್ಯೂಬು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ ಒಳಗಿನಿಂದ ಬಿಗಿದು ಕೂರಿಸಿದೆ. ಸ್ಪೀಡು ಹೆಚ್ಚು ಕಡಿಮೆ ಮಾಡುವ ಭಾಗ ಮಾತ್ರ ನೋಡಿದ ಕೂಡಲೇ ಪರಿಚಯವಾಯಿತು. ಸೀಲಿಂಗ್ ಫ್ಯಾನಿನ ಹಳೆ ರೆಗ್ಯುಲೇಟರಿನ ಹಾಗೆಯೇ: ತಾಮ್ರದ ಬಿಲ್ಲೆಗಳ ಮೇಲೆ ಜಾರುವ ಒಂದು ನಾಲಗೆ, ಪಕ್ಕದಲ್ಲಿ ಬಿಸಿಯಾಗುವ ರೆಸಿಸ್ಟರು. ಬಿಲ್ಲೆಗಳು ಮಸಿ ಹಿಡಿದಿದ್ದವು. ಉಜ್ಜಿ, ನಾಲಗೆಗೆ ಸ್ವಲ್ಪ ಬಿಗಿ ಕೊಟ್ಟೆ.

ರಿಮೋಟಿನೊಳಗೆ ಸೆಲ್ಲುಗಳು ಯಾವ ಕಾಲದಲ್ಲೋ ಕೊಳೆತು ಹಸಿರು ಉಗುಳಿದ್ದವು. ನಿಂಬೆರಸ ಹಾಕಿ ತೊಳೆದಾಗ ಬೋರ್ಡಿನ ಎರಡು ಗೆರೆ ಪೂರ್ತಿ ತಿಂದುಹೋಗಿದ್ದು ಕಂಡಿತು. ಅಲ್ಲಿ ವೈಂಡಿಂಗಿನ ಸಣ್ಣ ತಂತಿ ಎಳೆದು ಬೆಸೆದೆ. ಕಾರಿನ ಬ್ಯಾಟರಿಗೆ ಕಾರ್ಡ್‌ಲೆಸ್ ಡ್ರಿಲ್ಲಿನ ಹಳೆ ಪ್ಯಾಕು ಒಡೆದು, ಜೀವ ಇದ್ದ ಸೆಲ್ಲುಗಳನ್ನು ಆರಿಸಿ ಕಟ್ಟಿದೆ.

ಮೋಟಾರು ನನ್ನ ಮನೆಯ ಕೆಲಸ. ಕಾರ್ಬನ್ ಉಜ್ಜುವ ತಾಮ್ರದ ಕಮ್ಯುಟೇಟರನ್ನು ಲೇತಿನಲ್ಲಿ ಹಿಡಿದು ಕೂದಲೆಳೆಯಷ್ಟು ಕಡೆದೆ. ಮಿಕ್ಸಿಯ ಕಾರ್ಬನ್ ಉಜ್ಜಿ ಉಜ್ಜಿ ಅದರ ಅಳತೆಗೆ ತಂದೆ. ಮೋಟಾರಿನ ಬಾಯಿಯಲ್ಲಿ ಕಡಲೆಬೇಳೆಯ ಗಾತ್ರದ ಮೂರು ಕಂಡೆನ್ಸರುಗಳು ಬೆಸೆದುಕೊಂಡಿದ್ದವು. ಅವನ್ನು ಕತ್ತರಿಸಿ ಎಸೆದೆ. ವೈಂಡಿಂಗ್ ಲೈನಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಮಿಕ್ಸಿ ಬಂದರೆ ಮೊದಲು ಕಂಡೆನ್ಸರ್ ಕತ್ತರಿಸುತ್ತೇವೆ. ಅದು ಶಾರ್ಟಾಗಿ ಮತ್ತೆ ತಲೆನೋವು ತರುತ್ತದೆ, ಅದಿಲ್ಲದೆಯೂ ಮೋಟಾರು ತಿರುಗುತ್ತದೆ.

ಎಲ್ಲ ಜೋಡಿಸಿ ಅಂಗಡಿಯ ನೆಲದಲ್ಲಿಟ್ಟು ಎಡಗಡೆಯ ಕಡ್ಡಿ ಮುಂದೆ ತಳ್ಳಿದೆ. ಗಾಡಿ ಚಂಗನೆ ಹಾರಿತು. ಕಡ್ಡಿ ಬಿಟ್ಟೆ, ನಿಲ್ಲಲಿಲ್ಲ. ಮುಂದಿನ ಚಕ್ರಗಳು ಚಳಿಜ್ವರ ಬಂದವರ ಹಲ್ಲಿನ ಹಾಗೆ ಎಡಕ್ಕೂ ಬಲಕ್ಕೂ ನಡುಗುತ್ತಿದ್ದವು. ಬೆಂಚಿನ ಕಾಲಿಗೆ ಬಡಿದು, ತಿರುಗಿ, ರಸ್ತೆಗೆ ಹಾರಿ, ಪಕ್ಕದ ಟಿ.ವಿ. ರಿಪೇರಿಯವನ ಸ್ಟೂಲಿಗೆ ಗುದ್ದಿ ಮಗುಚಿತು. ಮಗುಚಿದ ಮೇಲೂ ಚಕ್ರ ತಿರುಗುತ್ತಲೇ ಇತ್ತು.

ಅವನು ಮರಾಠಿಯವನು, ನನ್ನ ಹಳೆಯ ಜೊತೆಗಾರ. ಗಾಡಿಯನ್ನು ಕಾಲು ಹಿಡಿದ ಕೋಳಿಯ ಹಾಗೆ ಎತ್ತಿಕೊಂಡು ಬಂದ.

“ಕಾಯ್ ಅಣ್ಣಾ, ಭೂತ್ ಆಲಾ ಕಾ? ನಿಮ್ಮ ಊರಿನ ಹಾಗೆ ಕೋಲ ಕಟ್ಟಿಸಬೇಕೇನು?” ಮೋಟಾರಿನ ಬಾಯಿ ನೋಡಿದ. “ಇಲ್ಲಿ ಕಂಡೆನ್ಸರ್ ಇತ್ತಲ್ಲ, ಎಲ್ಲಿ?”

“ಕತ್ತರಿಸಿದೆ.”

ಹಣೆಗೆ ಕೈ ಹಚ್ಚಿದ. “ತುಮ್ಹೀ ವೈಂಡಿಂಗ್‌ವಾಲೇ! ಮಿಕ್ಸಿಗೆ ರೇಡಿಯೋ ಕೇಳಬೇಕಾಗಿಲ್ಲ, ಇದಕ್ಕೆ ಕೇಳಬೇಕು. ಕಾರ್ಬನ್ ಕಿಡಿ ಹಾರಿಸ್ತದಲ್ಲ, ಆ ಗಲಾಟೆಯಲ್ಲಿ ಪಾಪ ಅದಕ್ಕೆ ರಿಮೋಟಿನ ಮಾತು ಹೇಗೆ ಕೇಳ್ತದೆ?”

ಅವನ ಡಬ್ಬಿಯಿಂದಲೇ ಮೂರು ಕಂಡೆನ್ಸರು ತೆಗೆದುಕೊಂಡೆ. ಬೆಸೆಯಲು ಅವನು ಕೈ ಮುಂದೆ ಮಾಡಿದ; ಕೊಡಲಿಲ್ಲ, ನಾನೇ ಬೆಸೆದೆ. ಮೋಟಾರಿನ ಮೈ ಚೆನ್ನಾಗಿ ಕೆರೆದು, ಕಾಯಿಸಿ, ಇಕ್ಕಳದಿಂದ ಎಳೆದರೂ ಬರದ ಹಾಗೆ ಹಾಕಿದೆ. ಆಮೇಲೆ ಗಾಡಿ ಹೇಳಿದ ಮಾತು ಕೇಳಿತು. ಬಾಡಿಯ ಒಡಕಿಗೆ ಒಳಗಿನಿಂದ ಬಟ್ಟೆ ಅಂಟಿಸಿ, ಹೊರಗೆ ಇದ್ದ ಬಣ್ಣವನ್ನೇ ಒರೆಸಿ ಹೊಳಪು ಬರಿಸಿದೆ. ಕಂಪೆನಿಯಿಂದ ಹೇಗೆ ಬಂದಿತ್ತೋ ಹಾಗೆ. ಟಿ.ವಿ.ಯವನು ಸಹ ಬಾಯಿ ಮುಚ್ಚಿ ಸುತ್ತ ತಿರುಗಿಸಿ ನೋಡಿದ.

ಐರೋಲಿಯ ಫ್ಲಾಟು ನಾಲ್ಕನೆಯ ಮಹಡಿಯಲ್ಲಿ. ಹಾಲಿನ ಕಿಟಕಿಯಿಂದ ಏಳುತ್ತಿರುವ ಗಾಜಿನ ಆಫೀಸುಗಳು ಕಾಣುತ್ತಿದ್ದವು. ಬಾಲ್ಕನಿಯಿಂದ ಖಾಡಿ, ಸಮುದ್ರದ ಹಿನ್ನೀರು. ಮಗ ಗಾಲಿಕುರ್ಚಿಯಲ್ಲಿದ್ದ. ಬಲಗೈಯನ್ನು ಯಾರೋ ತೊಡೆಯ ಮೇಲೆ ಮಡಿಸಿ ಇಟ್ಟಿದ್ದರು. ಸೊಸೆ ಅವನ ಗಲ್ಲ ಒರೆಸಿ ಅಂಗಿಯ ಕಾಲರು ಸರಿಮಾಡಿದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ನಾನು ಗಾಡಿ ನೆಲದಲ್ಲಿಟ್ಟು, ರಿಮೋಟು ಅವನ ಮಡಿಲಿಗಿಟ್ಟೆ. ಅವನು ನೋಡಿದ. ತುಂಬ ಹೊತ್ತು ನೋಡಿದ. ಎಡಗೈ ಮೆಲ್ಲಗೆ ಬಂದು ಎಡಗಡೆಯ ಕಡ್ಡಿ ಮುಂದೆ ತಳ್ಳಿತು. ಗಾಡಿ ಸುಂಯ್ ಎಂದು ಹೊರಟು ನೇರ ಹೋಗಿ ಶೋಕೇಸಿಗೆ ಬಡಿಯಿತು. ತಿರುಗಿಸುವ ಕಡ್ಡಿ ಬಲಗಡೆ ಇತ್ತು. ಎಡಗೈಯನ್ನೇ ಆ ಕಡೆ ಚಾಚಲು ಹೋದ. ರಿಮೋಟು ಜಾರಿ ನೆಲಕ್ಕೆ ಬಿದ್ದು ಏರಿಯಲ್ ಬಗ್ಗಿತು.

“ಬಲಗಡೆದ್ದು ನಾನು ಹಿಡ್ಕೊಳ್ತೇನೆ ಮಗಾ, ನೀನು ಓಡ್ಸು,” ಎಂದು ತಾಯಿ ಪಕ್ಕದಲ್ಲಿ ಕೂತರು.

ಅವನು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದ.

ಗಾಡಿಯನ್ನು ಅಷ್ಟು ದಿನ ಕೈಯಲ್ಲಿ ಆಡಿಸಿದ್ದೇನೆ, ಒಂದೊಂದು ಸ್ಕ್ರೂ ತೊಳೆದಿದ್ದೇನೆ, ಓಡಿಸಬೇಕಾದವನಿಗೆ ಕೈ ಒಂದೇ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಸೊಸೆ ಹಿಂದೆ ಬಂದು ಕೇಳಿದಳು: “ಅಂಕಲ್, ಏಕ್ ಹಾಥ್ ಕಾ ನಹೀ ಹೋ ಸಕ್ತಾ ಕ್ಯಾ?”

ಒಂದೇ ಕೈಯಲ್ಲಿ ಓಡಿಸುವ ಹಾಗೆ ಮಾಡಲಾಗುತ್ತದೋ ನೋಡಲು ರಿಮೋಟನ್ನು ವಾಪಸು ತಂದೆ. ಟಿ.ವಿ.ಯವನು ಹೇಳಿದ, ಹೊಸ ರಿಮೋಟಿನ ಸೆಟ್ಟು ಮುಂಬೈಯಲ್ಲಿ ಸಿಗುತ್ತದೆ ಎಂದು. ನೋಡಿ ಬಂದೆ. ಪಿಸ್ತೂಲಿನ ಹಾಗಿರುತ್ತದೆ, ಒಂದು ಕೈಯಲ್ಲಿ ಕುದುರೆ ಒತ್ತಬೇಕು, ಇನ್ನೊಂದರಲ್ಲಿ ಚಕ್ರ ತಿರುಗಿಸಬೇಕು. ಅದೂ ಎರಡು ಕೈಯವರಿಗೆ ಮಾಡಿದ್ದೇ.

ಉಳಿದದ್ದು ಒಂದೇ ದಾರಿ, ಇದನ್ನೇ ಕೊಯ್ಯುವುದು. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಬಂದ ಸಾಮಾನು ಕಂಪೆನಿ ಮಾಡಿದ ಹಾಗೆಯೇ ವಾಪಸು ಹೋಗಬೇಕು ಎಂಬುದು ನಾನು ಅಂಗಡಿ ಹಾಕಿದ ದಿನದಿಂದ ಹಿಡಿದುಕೊಂಡ ಹಟ. ಜುಗಾಡ್ ಮಾಡುವವರನ್ನು ಕಂಡರೆ ನನಗಾಗದು. ಅದಲ್ಲದೆ, ಒಮ್ಮೆ ಕೊಯ್ದರೆ ಆ ರಿಮೋಟನ್ನು ಮೊದಲಿನ ರೂಪಕ್ಕೆ ತರಲು ಯಾರಿಂದಲೂ ಆಗುವುದಿಲ್ಲ. ಮೂರು ದಿನ ಅದು ನನ್ನ ಬೆಂಚಿನ ಮೇಲೆ ಹಾಗೇ ಕೂತಿತ್ತು. ನಡುವೆ ತಾಯಿಯ ಫೋನು ಬಂತು. ಮಗ ಊಟ ಪೂರ್ತಿ ಬಿಟ್ಟಿದ್ದಾನೆ ಎಂದರು. ಫೋನಿಟ್ಟು, ರಿಮೋಟನ್ನು ಬೆಂಚಿನ ವೈಸಿನಲ್ಲಿ ಬಿಗಿದು ಹ್ಯಾಕ್ಸಾ ಎತ್ತಿಕೊಂಡೆ.

ಬಲಗಡೆಯ ಕಡ್ಡಿಯನ್ನು ಪೂರ್ತಿ ತೆಗೆದೆ. ಅದರ ಬುಡದಲ್ಲಿದ್ದ ಪುಟ್ಟ ಪಾಟ್ ಮಾತ್ರ ಉಳಿಸಿಕೊಂಡೆ. ರೇಡಿಯೋದ ವಾಲ್ಯೂಮ್ ತಿರುಗಿಸುವ ಗುಂಡಿಯೊಳಗೆ ಇರುತ್ತದಲ್ಲ, ಅಂಥದು. ಎಡಗಡೆಯ ಕಡ್ಡಿ ಮುಂದೆ ಹಿಂದೆ ಮಾತ್ರ ಹೋಗುತ್ತಿತ್ತು. ಅದರ ಸುತ್ತ ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟು ಕಟ್ಟಿ, ಸೈಕಲ್ ಕಡ್ಡಿಯ ತುಂಡುಗಳ ಮೇಲೆ ಅದನ್ನು ತೂಗು ಹಾಕಿದೆ. ಈಗ ಇಡೀ ಕಡ್ಡಿ ಅಕ್ಕಪಕ್ಕಕ್ಕೂ ವಾಲಿತು. ವಾಲಿದಷ್ಟೂ ಪಾಟ್ ತಿರುಗಿತು. ಕೈ ಬಿಟ್ಟರೆ ನಡುವಿಗೆ ಬರಲೆಂದು ಎರಡೂ ಬದಿ ಮಿಕ್ಸಿ ಕಾರ್ಬನ್ನಿನ ಸ್ಪ್ರಿಂಗು. ಮೊದಲನೆಯ ಸಲ ಸ್ಪ್ರಿಂಗು ಬಿಗಿಯಾಗಿ ಕಡ್ಡಿ ಅಲುಗಲೇ ಇಲ್ಲ. ಎರಡನೆಯ ಸಲ ಸಡಿಲವಾಗಿ ಗಾಡಿ ಕುಡುಕನ ಹಾಗೆ ಸೊಟ್ಟ ಹೋಯಿತು. ಪ್ರತಿ ಸಲವೂ ನನ್ನ ಬಲಗೈಯನ್ನು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಿಸಿ ನೋಡಿದೆ. ರಿಮೋಟಿನ ಅಡಿಗೆ ಪಟ್ಟಿ ಹೊಲಿಸಿದೆ, ತೊಡೆಗೆ ಕಟ್ಟಿಕೊಳ್ಳಲು. ನೋಡಲು ಕೆಟ್ಟದಾಗಿತ್ತು. ಕೆಲಸ ಮಾತ್ರ ಸರಿಯಾಗಿ ಮಾಡುತ್ತಿತ್ತು.

ತೊಡೆಗೆ ಕಟ್ಟಿದ ದಿನ ಅವನು ಗಾಡಿಯನ್ನು ಹಾಲಿನಲ್ಲಿ ಒಂದು ಸುತ್ತು ಹೊಡೆಸಿದ. ಸೋಫಾದ ಕಾಲಿಗೆ ಬಡಿದು ನಿಂತಾಗ ಹಿಂದೆ ತೆಗೆದ, ಮತ್ತೆ ಬಿಟ್ಟ. ತಾಯಿ ಅಡುಗೆಮನೆಗೆ ಹೋಗಿ ಅತ್ತರು.

ಆಮೇಲೆ ಅವರ ಫೋನು ಆಗಾಗ ಬರುತ್ತಿತ್ತು. ಮಗ ತಾನಾಗಿ ಎದ್ದು ಕೂರುತ್ತಾನೆ, ಬೆಳಗಾದರೆ ತೊಡೆ ತಟ್ಟಿ ರಿಮೋಟು ಕೇಳುತ್ತಾನೆ, ಗೋಡೆ ಎಲ್ಲ ಕಲೆ, ಆದರೂ ಪರವಾಗಿಲ್ಲ. “ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು ಮಾರಾಯ್ರೆ,” ಎಂದು ಒಮ್ಮೆ ನಕ್ಕರು. ಅಂಗಡಿಯಲ್ಲಿ ನಾನು ಸ್ವಲ್ಪ ಎದೆ ಉಬ್ಬಿಸಿಯೇ ಓಡಾಡಿದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಕರೆದರು. “ಹಾಲ್ ಸಾಲುದಿಲ್ಲ ಅಂತ ಕಾಣ್ತದೆ ಅವನಿಗೆ. ನಿನ್ನೆಯಿಂದ ಮೇಲೆ ಮೇಲೆ ಅಂತ ಬೆರಳು ತೋರಿಸ್ತಾನೆ. ಟೆರೇಸಿಗೆ ಅಂತ ನಮಗೆ ತಿಳಿಯುವಾಗ ಸಂಜೆ ಆಯ್ತು. ಕುರ್ಚಿ ಹತ್ತಿಸ್ಲಿಕ್ಕೆ ಒಂದು ಕೈ ಬೇಕು, ಬರ್ತೀರಾ?”

ಭಾನುವಾರ ಮಧ್ಯಾಹ್ನ ಹೋದೆ. ಲಿಫ್ಟು ಹೋಗುವಷ್ಟು ಹೋಗಿ, ಕೊನೆಯ ಮೆಟ್ಟಿಲುಗಳಲ್ಲಿ ನಾನೂ ವಾಚ್‌ಮನ್ನೂ ಕುರ್ಚಿ ಎತ್ತಿದೆವು. ವಾಚ್‌ಮನ್ ಕೆಳಗೆ ಹೋದ. ಟೆರೇಸಿನಲ್ಲಿ ಸೊಸೈಟಿಯ ವಾಟರ್‌ಪ್ರೂಫಿಂಗ್ ಕೆಲಸ ನಡೆದಿತ್ತು. ಕಟ್ಟಡದ ಹಿಂಬದಿಯಲ್ಲಿ ಸಿಮೆಂಟು ಎತ್ತಲು ಟೆರೇಸಿನ ಅಂಚಿನ ಕಟ್ಟೆಯನ್ನು ಸ್ವಲ್ಪ ಒಡೆದು, ಅಡ್ಡಕ್ಕೆ ಸೊಂಟದ ಎತ್ತರದಲ್ಲಿ ಒಂದು ಬಿದಿರು ಕಟ್ಟಿದ್ದರು. ಕುರ್ಚಿಯನ್ನು ಅದರಿಂದ ದೂರ, ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಭದ್ರ ಮಾಡಿದೆ. ಗಾಡಿ ಬೀಳಬಾರದಲ್ಲ, ಒಡೆದ ಜಾಗದ ಮುಂದೆ ಇಟ್ಟಿಗೆ ಸಾಲು ಇಟ್ಟೆ. ಇಟ್ಟಿಗೆ ಸಾಲಲಿಲ್ಲ. ನಡುವೆ ಒಂದು ಕಡೆ ಗಾಡಿಯ ಅಗಲಕ್ಕಿಂತ ಎರಡು ಬೆರಳು ಹೆಚ್ಚು ಸಂದಿ ಉಳಿಯಿತು. ಸೋಫಾದ ಕಾಲು ತಪ್ಪಿಸಲು ಒದ್ದಾಡುವವನು ಅದರಲ್ಲಿ ಎಲ್ಲಿ ಹೋಗುತ್ತಾನೆ ಎಂದುಕೊಂಡು ಬಿಟ್ಟೆ.

ಅವನು ಓಡಿಸಿದ. ಚೆನ್ನಾಗಿಯೇ ಓಡಿಸಿದ. ಮರಳಿನ ರಾಶಿ ಹತ್ತಿಸಿ ಹಾರಿಸಿದ, ಧೂಳೆಬ್ಬಿಸಿ ತಿರುಗಿಸಿದ. ಆ ಮೋಟಾರಿನ ಕೂಗು ಕೇಳಿ ತಾಯಿಯ ಮುಖ ಅರಳಿತು.

“ನೋಡಿ, ನೋಡಿ ಅವನ ಮುಖ! ಶಾಲೆಗೆ ಹೋಗುವಾಗ ಹೀಗೇ ತುಟಿ ಕಚ್ತಿದ್ದ!”

ಅವರು ಅವನ ಮುಖ ನೋಡುತ್ತಿದ್ದರು. ಸೊಸೆ ಅವನ ಕುರ್ಚಿಯ ಹಿಂದೆ ನಿಂತಿದ್ದಳು. ನಾನು ಕೆಲಸದವನು, ಗಾಡಿ ನೋಡುತ್ತಿದ್ದೆ.

ಗಾಡಿ ಇಟ್ಟಿಗೆ ಸಾಲಿನ ಹತ್ತಿರ ಬಂದು ನಿಂತಿತು. ಮೂತಿ ಸಂದಿಗೆ ಸ್ವಲ್ಪ ಓರೆಯಾಗಿತ್ತು. ಹಿಂದೆ ಬಂತು. ಸ್ವಲ್ಪ ಎಡಕ್ಕೆ ತಿರುಗಿ ಮುಂದೆ ಹೋಗಿ ಮತ್ತೆ ನಿಂತಿತು. ಇನ್ನೊಮ್ಮೆ ಹಿಂದೆ ಬಂತು, ಈ ಸಲ ತುಂಬಾ ದೂರ. ಈಗ ಮೂತಿ ಸಂದಿಗೆ ನೇರವಾಗಿತ್ತು. ಅರೆ ಕ್ಷಣ ಹಾಗೇ ನಿಂತು, ಪೂರ್ತಿ ಸ್ಪೀಡಿನಲ್ಲಿ ಹೊರಟಿತು. ಇಟ್ಟಿಗೆಗೆ ತಾಗಲಿಲ್ಲ. ಬಿದಿರಿನ ಅಡಿಯಲ್ಲಿ ನುಗ್ಗಿ ಆಚೆ ಹೋಯಿತು. ಚಕ್ರಗಳು ಗಾಳಿಯಲ್ಲಿ ತಿರುಗುವ ಸದ್ದು ಸ್ವಲ್ಪ ಕೇಳಿತು, ಆಮೇಲೆ ಕೆಳಗಿನಿಂದ ಒಡೆದ ಸದ್ದು.

“ಅಯ್ಯೋ!” ಎಂದು ತಾಯಿ ಕೂಗಿದರು.

ನಾನು ಮೆಟ್ಟಿಲಲ್ಲೇ ಓಡಿ ಇಳಿದೆ. ಹಿಂಬದಿ, ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಜನ ಓಡಾಡದ ಜಾಗ. ಬಾಡಿ ಮೂರು ತುಂಡಾಗಿತ್ತು. ಹಿಂದಿನ ಗೇರ್ ಪೆಟ್ಟಿಗೆ ಸೀಳಿ ಮೋಟಾರು ತಂತಿಯಲ್ಲಿ ನೇತಾಡುತ್ತಿತ್ತು. ಮೊದಲು ನೋಡಿದ್ದು ಅದರ ಬಾಯಿ. ಮೂರು ಕಂಡೆನ್ಸರುಗಳೂ ಹಾಗೇ ಇದ್ದವು. ಉಗುರು ಹಾಕಿ ಎಳೆದೆ, ಒಂದೂ ಅಲುಗಲಿಲ್ಲ.

ಉಳಿದದ್ದನ್ನು ಅಂಗೈಯಲ್ಲಿ ಎತ್ತಿಕೊಂಡಾಗ ಮುಂದಿನ ಚಕ್ರ ತಿರುಗಿತು. ಒಂದೇ ಚಕ್ರ ಉಳಿದಿತ್ತು. ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ, ಮತ್ತೆ ನಡುವಿಗೆ. ನಡುಕ ಇಲ್ಲ, ತಡವರಿಕೆ ಇಲ್ಲ. ರೇಡಿಯೋಗೆ ಮಾತು ಸರಿಯಾಗಿಯೇ ಕೇಳುತ್ತಿತ್ತು. ಮೇಲೆ ಟೆರೇಸಿನಲ್ಲಿ ಅವನ ಕೈ ಇನ್ನೂ ಕಡ್ಡಿಯ ಮೇಲಿತ್ತು. ಡಾಕ್ಟರು ಹೇಳಿದ ಹಾಗೆ ಅವನಿಗೆ ಏನೋ ಒಂದು ಬೇಕು ಅನ್ನಿಸಿತ್ತು. ನಾನು ಬ್ಯಾಟರಿಯ ತಂತಿ ಕಿತ್ತೆ.

ಮೇಲೆ ಬಂದಾಗ ತಾಯಿ ಮೆಟ್ಟಿಲ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿದ್ದ ತುಂಡುಗಳನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

“ಎಂತ ಆಯ್ತು? ಅವನ ಕೈ ಸೋತಿತಾ? ಎಡಗೈಗೂ ಬಂತಾ ಅದು?”

ನನ್ನ ಕೆಲಸದಲ್ಲಿ ಊನ ಇದೆ ಎಂದು ನನ್ನೆದುರು ಹೇಳಿ ದಕ್ಕಿಸಿಕೊಂಡವರು ಕಡಿಮೆ.

“ಅವರ ಕೈಗೆ ಏನೂ ಆಗಿಲ್ಲ ಅಮ್ಮ,” ಎಂದೆ. “ಕಂಡೆನ್ಸರ್ ಬಿಟ್ಟುಹೋಯ್ತು. ನನ್ನ ಬೆಸುಗೆ ಸರಿ ಬಂದಿರಲಿಲ್ಲ. ಗಾಡಿ ಮಾತು ಕೇಳ್ಲಿಲ್ಲ.”

ಅವರು ಉಸಿರು ಬಿಟ್ಟರು. ಭಯ ಇಳಿದ ಮೇಲೆ ಸಿಟ್ಟು ಬಂತು. “ಇಷ್ಟು ವರ್ಷದಿಂದ ಇದೇ ಕೆಲಸ ಮಾಡುವವ್ರು ನೀವು! ಒಂದು ಬೆಸುಗೆ ಸರಿ ಹಾಕ್ಲಿಕ್ಕೆ ಆಗುದಿಲ್ವಾ? ಪಾಪ, ಎಷ್ಟು ಖುಷಿಯಲ್ಲಿದ್ದ!”

“ತಪ್ಪಾಯ್ತು ಅಮ್ಮ.”

ಮಗ ನನ್ನನ್ನು ನೋಡಿದ. ಅಂಗಡಿಯ ಬೆಂಚಿನ ಮೇಲೆ ಆ ಕಡ್ಡಿಯನ್ನು ನಾನು ಎಷ್ಟೋ ಸಲ ವಾಲಿಸಿ ನೋಡಿದ್ದೆ; ಅದು ಎಷ್ಟು ನಿಜ ಹೇಳುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವನು ತೊಡೆಯ ಪಟ್ಟಿಯನ್ನು ಎಡಗೈಯಲ್ಲೇ ಬಿಚ್ಚಿ, ರಿಮೋಟನ್ನು ನನ್ನ ಕಡೆ ತಳ್ಳಿದ. ಅದರ ಕೆಲಸ ಮುಗಿದಿತ್ತು.

ಕುರ್ಚಿ ಇಳಿಸಿ, ಅವನನ್ನು ಮಂಚದಲ್ಲಿ ಮಲಗಿಸಿದೆವು. ತಾಯಿ ಅವನ ಪಕ್ಕದಲ್ಲಿ ಕೂತು, ಇವರು ಮತ್ತೆ ಸರಿಮಾಡಿ ಕೊಡ್ತಾರೆ ಮಗಾ ಎಂದು ತಲೆ ಸವರುತ್ತಿದ್ದರು. ಹಾಲಿನ ಬಾಲ್ಕನಿ ಬಾಗಿಲು ತೆರೆದಿತ್ತು, ಖಾಡಿಯ ಗಾಳಿ ಬರುತ್ತಿತ್ತು. ಬಾಗಿಲಿಗೆ ಹಿಡಿಕೆಯ ಹತ್ತಿರ ಒಂದು ಸಣ್ಣ ಚಿಲಕ ಮಾತ್ರ ಇತ್ತು.

“ಈ ಬಾಗಿಲು ಗಾಳಿಗೆ ಬಡೀತದೆ,” ಎಂದೆ ಸೊಸೆಗೆ. “ನಾಳೆ ಬಂದು ಒಂದು ಬೋಲ್ಟ್ ಹಾಕಿ ಕೊಡ್ತೇನೆ.”

ಅವಳು ಮಲಗುವ ಕೋಣೆಯ ಕಡೆ ಒಮ್ಮೆ ನೋಡಿದಳು. “ಕಲ್ ನಹೀ ಅಂಕಲ್. ಆಜ್.”

ಆಗಲೇ ಹೋಗಿ ಸೆಕ್ಟರಿನ ಹಾರ್ಡ್‌ವೇರ್ ಅಂಗಡಿಯಿಂದ ಬೋಲ್ಟ್ ತಂದೆ. ಪಕ್ಕದ ಫ್ಲಾಟಿನಿಂದ ಅವಳೇ ಡ್ರಿಲ್ಲು ಕೇಳಿ ತಂದು ಕೊಟ್ಟಳು. ಕೈಗೆ ಅನುಕೂಲವಾಗುವ ಹಾಗೆ ಎದೆಯ ಎತ್ತರದಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿದೆ. ಅವಳು ನನ್ನ ಕೈಯಿಂದ ಪೆನ್ಸಿಲ್ಲು ತೆಗೆದುಕೊಂಡಳು. ತುದಿಗಾಲಲ್ಲಿ ನಿಂತು, ತನ್ನ ಕೈ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿ, ಚೌಕಟ್ಟಿನ ತುತ್ತತುದಿಯಲ್ಲಿ ಒಂದು ಗೆರೆ ಎಳೆದಳು.

“ಊಪರ್, ಅಂಕಲ್,” ಎಂದಳು. ಆಮೇಲೆ ಮೊದಲ ಸಲ ನನ್ನ ಹತ್ತಿರ ಕನ್ನಡದಲ್ಲಿ ಹೇಳಿದಳು: “ನಾನೂ ನೋಡಿದೆ.”

ನಾನು ಸ್ಟೂಲು ಹತ್ತಿ, ಆ ಗೆರೆಯ ಮೇಲೆಯೇ ತೂತು ಕೊರೆದೆ.